ಮರೆವೆಂದುಕೊಂಡದ್ದು

ಇಡೀ ಬೀದಿಗೆ ಅವಳು ಟೈಲರಮ್ಮ. ಒಮ್ಮೆ ಅಳತೆ ತೆಗೆದರೆ ಮುಗಿಯಿತು, ಗಿರಾಕಿಯ ಎದೆಸುತ್ತು, ತೋಳು, ಹೆಗಲು ಎಲ್ಲವೂ ನಾಲಿಗೆಯ ತುದಿಯಲ್ಲಿ. ಅಂಥವಳು ಅರವತ್ತು ದಾಟಿದ ಮೇಲೆ ಎಡವತೊಡಗಿದಳು. ಸೊಸೆ ಟೇಪು ಹಿಡಿದು "ಹದಿನೇಳು" ಎಂದರೆ ಇವಳು ಹದಿನಾರಕ್ಕೆ ಕತ್ತರಿ ಹಾಕುವಳು.

"ಈ ಅಂಗಿ ಇವತ್ತೇ ಬೇಕು ಅಂತ ಹೇಳಿದ್ನಲ್ಲತ್ತೆ!"

"ಯಾವಾಗ ಹೇಳ್ದೆ?"

"ಅರವತ್ತಕ್ಕೆ ಅರಳುಮರಳು ಅಂತ ಹಿರಿಯರು ಸುಮ್ನೆ ಅಂದ್ರಾ?" ಎಂದು ಟೈಲರಮ್ಮನ ಗಂಡ ನಕ್ಕ.

ಬೇರೇನೂ ಕೇಳಿಸದಿದ್ದರೂ ಆ ಮಾತು ಅವಳಿಗೆ ಸರಿಯಾಗಿ ಕೇಳಿಸಿತು. ಅವಳ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಗುರುತಿಸುತ್ತಿರಲಿಲ್ಲ. ತನಗೂ ಅದೇ ಗತಿ ಎಂದುಕೊಂಡಳು. ಅಂದಿನಿಂದ ಬಟ್ಟೆ ಕತ್ತರಿಸುವುದನ್ನೇ ಬಿಟ್ಟಳು. ಗುಂಡಿ ಹೊಲಿಯುತ್ತ ಮೂಲೆ ಹಿಡಿದಳು. ಮನೆಗೆ ನೆಂಟರು ಬಂದರೆ, ಅವರು ನಕ್ಕಾಗ ತಾನೂ ನಗುವಳು. ಯಾಕೆ ನಕ್ಕರೆಂದು ಮಾತ್ರ ತಿಳಿಯದು. ಸಂಜೆಯ ಹೊತ್ತಿಗೆ ಏನೂ ಮಾಡದೆಯೇ ಸುಸ್ತು.

ಒಂದು ದಿನ ತಂಗಿ ಬಂದಳು. ಬೆನ್ನ ಹಿಂದಿನಿಂದ ಕರೆದರೆ ಅಕ್ಕನಿಗೆ ಗೊತ್ತೇ ಆಗಲಿಲ್ಲ. ಎದುರು ಕೂತು ಬಿಡಿಸಿ ಮಾತಾಡಿಸಿದರೆ, ಚಿಕ್ಕಂದಿನಲ್ಲಿ ಇಬ್ಬರೂ ಜಗಳವಾಡಿದ ಫ್ರಾಕಿನ ಬಣ್ಣದವರೆಗೆ ಎಲ್ಲ ಹೇಳಿದಳು.

"ಅಕ್ಕಾ, ತೊಂದ್ರೆ ನಿನ್ನ ತಲೇಲಿಲ್ಲ, ಕಿವೀಲಿದೆ. ನಡಿ, ಡಾಕ್ಟರ್ ಹತ್ರ ಹೋಗೋಣ."

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ಅರ್ಧಂಬರ್ಧ ಕೇಳಿದ ಮಾತನ್ನ ಜೋಡಿಸೋದ್ರಲ್ಲೇ ನಿಮ್ಮ ತಲೆ ದಣಿದುಹೋಗ್ತಿದೆಯಮ್ಮ. ಇನ್ನು ನೆನಪಿಟ್ಟುಕೊಳ್ಳೋಕೆ ಶಕ್ತಿ ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ನಾನು ನಮ್ಮಮ್ಮನ ಥರ ಆಗಲ್ವಾ?"

"ಆಗೋದೇ ಇಲ್ಲ ಅಂತ ಯಾರೂ ಬರೆದುಕೊಡೋಕಾಗಲ್ಲ. ಆದ್ರೆ ಕಿವಿ ಕೇಳಿಸ್ತಾ, ನಾಲ್ಕು ಜನರ ಜೊತೆ ಬೆರೀತಾ ಇದ್ರೆ ತಲೆಗೂ ಒಳ್ಳೇದು."

ಕಿವಿಗೆ ಮೆಷಿನ್ ಬಂತು. ಹಾಕಿದ ಕೂಡಲೇ ನಲ್ಲಿ, ಪಾತ್ರೆ, ಫ್ಯಾನು ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದಂತಾಯಿತು. "ಇದೇನು ಕಿವಿಯೋ ಸಂತೆಯೋ!" ಎಂದು ಕಿತ್ತು ಡ್ರಾಯರಿನೊಳಗೆ ಹಾಕಿದಳು. ಸೊಸೆ ಬಿಡಬೇಕಲ್ಲ? ಬೆಳಿಗ್ಗೆ ಮನೆ ಸದ್ದಿಲ್ಲದಿರುವಾಗ ಹಾಕಿಸಿ, ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡಿಸಿದಳು. ಬೇಕಾದ ಸದ್ದು ಯಾವುದು, ಬೇಡದ್ದು ಯಾವುದು ಎಂದು ತಲೆ ಮೆಲ್ಲಮೆಲ್ಲನೆ ಕಲಿತುಕೊಂಡಿತು.

ಈಗ ಟೈಲರಮ್ಮ ಸೊಸೆಗೆ ಕೋಟಿನ ಕಾಲರ್ ಕತ್ತರಿಸುವುದನ್ನು ಕಲಿಸುತ್ತಿದ್ದಾಳೆ. ಇಬ್ಬರ ಮಾತಿಗೆ ಕೊನೆಯೇ ಇಲ್ಲ. ಒಮ್ಮೊಮ್ಮೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಮನೆಯೆಲ್ಲ ಹುಡುಕುತ್ತಾಳೆ.

"ಇದು ಮಾತ್ರ ನಿಜವಾದ ಮರೆವು ನೋಡು!" ಎಂದು ಅವಳೇ ನಗುತ್ತಾಳೆ.