ಕರೆದರೆ ಓ ಅನ್ನುವವರು

ಅವರ ಎಡಭುಜ ಬಲಭುಜಕ್ಕಿಂತ ತುಸು ತಗ್ಗಿತ್ತು. ಬಿಳಿ ಅಂಗಿಗೆ ಎಷ್ಟು ಇಸ್ತ್ರಿ ಹೊಡೆಸಿದ್ದರೂ ಅದು ಆ ಕಡೆಗೇ ಜಾರಿ, ಮೊಳೆ ಸಡಿಲಾದ ಕ್ಯಾಲೆಂಡರಿನ ಹಾಗೆ ವಾಲಿಕೊಂಡಿರುತ್ತಿತ್ತು. ಪುಸ್ತಕದ ಚೀಲ ಹೊತ್ತು ಹೊತ್ತು ಹಾಗಾಗಿದೆ ಎಂದು ನಾವು ಹುಡುಗಿಯರು ತೀರ್ಮಾನ ಮಾಡಿದ್ದೆವು. ಬಳ್ಳಾರಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳಿದವರು ಅವರು. ಎಪ್ಪತ್ತರ ದಶಕದ ಮಾತು.

ಮೊದಲ ದಿನ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ತಮ್ಮ ಹೆಸರು ಬರೆದರು. ಹಿಂದೆ ಇನಿಷಿಯಲ್ ಇಲ್ಲ, ಮುಂದೆ ಡಿಗ್ರಿ ಇಲ್ಲ. ನಮ್ಮ ಕಡೆ ಓಣಿಯಲ್ಲಿ ನಿಂತು ಕೂಗಿದರೆ ನಾಲ್ಕು ಮನೆಯಿಂದ ನಾಲ್ಕು ಜನ ಹೊರಗೆ ಬರುವಂಥ ಹೆಸರು.

"ನನಗ ಸರ್ ಗಿರ್ ಅನಬ್ಯಾಡ್ರಿ. ಹೆಸರು ಹಿಡಿದು ಕರೀರಿ. ಹೆಸರಿಡೋದು ಕರಿಯಾಕ, ಮುಚ್ಚಿಡಾಕಲ್ಲ. ಕರದ್ರ ಓ ಅಂತೀನಿ, ಅಷ್ಟ" ಅಂದರು.

ಅಯ್ಯೋ ಶಿವನೇ! ನಾವು ಮನೆಯಲ್ಲಿ ಅಣ್ಣನ ಹೆಸರು ಹಿಡಿಯದವರು. ನನ್ನ ಅವ್ವನಂತೂ ಅಪ್ಪನ ಹೆಸರಿನ ದೇವರ ಗುಡಿಗೆ ಹೋಗುವಾಗ ಕೂಡ "ಇವರ ಹೆಸರಿನ ದೇವರು" ಅನ್ನುತ್ತಿದ್ದಳು. ಅಂಥ ಮನೆಯಿಂದ ಬಂದವಳು ಕಾಲೇಜಿನ ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕಂತೆ! ಕ್ಲಾಸಿನಲ್ಲಿ ಯಾರ ಬಾಯಿಂದಲೂ ಅದು ಹೊರಡಲಿಲ್ಲ. ಸರ್ ಅಂದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಕಡೆಗೆ ನಾವು ಒಂದು ಉಪಾಯ ಕಂಡುಕೊಂಡೆವು: ಸಂಶಯ ಕೇಳಬೇಕಾದರೆ ಕೆಮ್ಮುವುದು. ಒಂದು ತಿಂಗಳಾದ ಮೇಲೆ ಅವರೇ, "ಏನ್ರಿ, ಈ ಕ್ಲಾಸಿಗೆಲ್ಲಾ ದಮ್ಮು ಹತ್ತೇತೇನು?" ಅಂತ ಕೇಳಿದರು.

ಹುಡುಗರು ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದುಂಟು. ಸೈಕಲ್ ಸ್ಟ್ಯಾಂಡಿನ ಹಿಂದೆ ಅಡಗಿಕೊಂಡು ಅವರ ಹೆಸರು ಹಿಡಿದು ಜೋರಾಗಿ ಕೂಗಿದರು. ಬೇರೆ ಯಾರಾದರೂ ಆಗಿದ್ದರೆ ಪ್ರಿನ್ಸಿಪಾಲರವರೆಗೆ ಹೋಗುತ್ತಿತ್ತು ಮಾತು. ಇವರು ನಡೆಯುತ್ತಿದ್ದವರು ನಿಂತು "ಓ" ಅಂದು, ಹತ್ತಿರ ಬಂದು, "ಏನ್ ಬೇಕಾಗಿತ್ರಿ?" ಅಂದರು. ಕೂಗಿದ ಗಂಡುಗಲಿಗಳು ಕಾಂಪೌಂಡು ಹಾರಿ ಓಡಿದರು.

ವಿದ್ಯಾರ್ಥಿಗಳಿಗೆಲ್ಲ ಅವರು "ರೀ" ಹಚ್ಚಿಯೇ ಮಾತಾಡುತ್ತಿದ್ದರು. ಪಾಠದಲ್ಲಿ ರಾಜರ ಬಿರುದು ಬಂದರೆ ಮಾತ್ರ ಸಿಡುಕು. ನಾವು ಬಾಯಿಪಾಠ ಮಾಡಿಕೊಂಡು ಬಂದು ಉದ್ದಕ್ಕೆ ಒಪ್ಪಿಸಿದರೆ, "ಬಿರುದು ಬಿಡ್ರಿ, ಆತ ಏನ್ ಮಾಡ್ದ ಅದನ್ನ ಹೇಳ್ರಿ" ಅನ್ನುವರು. ಸಂಗನಕಲ್ಲಿನ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಬಂಡೆಯ ಮೇಲೆ ಶಿಲಾಯುಗದವರು ಕಲ್ಲುಕೊಡಲಿ ಮಸೆದು ಮಸೆದು ಬಿದ್ದ ಗೀರುಗಳಲ್ಲಿ ನಮ್ಮ ಕೈ ಇಡಿಸಿದರು. "ಇಷ್ಟು ದುಡದೋರ ಹೆಸರು ಒಂದೂ ನಮಗ ಗೊತ್ತಿಲ್ಲ ನೋಡ್ರಿ" ಅಂದರು. ಬಿಸಿಲಿಗೆ ಬಂಡೆ ಕಾದು ಕೈ ಸುಡುತ್ತಿತ್ತು, ನಮ್ಮ ಲಕ್ಷ್ಯವೆಲ್ಲ ಮನೆಗೆ ಹೋಗುವುದರ ಮೇಲಿತ್ತು.

ನನ್ನ ನಾಲಿಗೆ ಚಿಕ್ಕಂದಿನಿಂದಲೂ ಉದ್ದ. ಒಂದು ದಿನ ಕ್ಲಾಸಿನಲ್ಲಿ ನಾನು ಕೆಮ್ಮಿದೆ. ಅವರು ಕೈಕಟ್ಟಿ ನಿಂತು, "ಇವತ್ತು ಹೆಸರು ಹೇಳದ ಹೊರ್ತು ನಾ ಉತ್ತರ ಕೊಡಂಗಿಲ್ಲ" ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಬೆವರು ಇಳಿಯುತ್ತಿದೆ. ಏನಾದರೂ ಅಂದು ತಪ್ಪಿಸಿಕೊಳ್ಳಬೇಕಲ್ಲ, "ಒಡಪು ಹಾಕಿ ಹೇಳ್ಲೇನ್ರಿ?" ಅಂದುಬಿಟ್ಟೆ.

ಒಡಪು ಅಂದರೆ ನಮ್ಮ ಕಡೆ ಮದುವೆಯಲ್ಲಿ ಮದುಮಗಳು ಹೇಳುವುದು. ಗಂಡನ ಹೆಸರು ಬರಿದೇ ಹೇಳಬಾರದು ಅಂತ ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ, ನಾಚುತ್ತ ಹೇಳಬೇಕು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕು, ಸೋತೆ ಅನ್ನುವಂತೆ ಕೈಯೆತ್ತಿ ಉತ್ತರ ಹೇಳಿದರು.

ಆ ನಗು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಯಿತು. ಹೋಗುವಷ್ಟರಲ್ಲಿ ರೂಪ ಬದಲಾಗಿತ್ತು: ಅಕ್ಕಿ ಮಿಲ್ಲಿನ ಸಾವ್ಕಾರರ ಮಗಳು ಕಾಲೇಜಿನಲ್ಲಿ ಮೇಷ್ಟ್ರ ಹೆಸರನ್ನು ಒಡಪಿನಲ್ಲಿ ಹೇಳಿದಳಂತೆ! ಇನ್ನೇನು ಉಳಿಯಿತು? ಅಪ್ಪ ಬಂದು ಹಾಸ್ಟೆಲಿನಿಂದ ನನ್ನನ್ನೂ ನನ್ನ ಟ್ರಂಕನ್ನೂ ಎತ್ತಿಕೊಂಡು ಹೋದ. "ಓದಿದ್ದು ಸಾಕು. ವರ ನೋಡ್ತೀನಿ" ಅಂದ. ನಾನು ಎಷ್ಟು ಅತ್ತು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಇಳಿದರೆ ನನ್ನ ಹಿಂದೆ ತಂಗಿಯರಿಗೂ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

ಸಿಟ್ಟಿದ್ದರೂ ಮನೆಗೆ ಬಂದವರು. "ಬರ್ರಿ ಮೇಷ್ಟ್ರ, ಕುಂದರ್ರಿ" ಅಂತ ಅಪ್ಪ ಕುರ್ಚಿ ತೋರಿಸಿದ. ಒಳಗೆ ಚಹಾಕ್ಕೆ ಹೇಳಿದ. ಆಮೇಲೆ ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದ.

"ಊರು ಯಾವ್ದಾತ್ರಿ?"

"ಕುರುಗೋಡ್ರಿ."

"ಕುರುಗೋಡಾಗ ಯಾರ ಪೈಕಿ?"

"ನಮ್ಮಪ್ಪ ನಿಮ್ಮ ಮಿಲ್ಲಿನ್ಯಾಗ ಹಮಾಲಿ ಮಾಡ್ತಿದ್ರು. ಎತ್ತರದಾಳು. ಸಾಲಿ ಸೂಟಿ ಇದ್ದಾಗ ನಾನೂ ಬಂದು ಭತ್ತದ ಚೀಲ ಹೊತ್ತೀನಿ."

ಅಪ್ಪ ಅವರ ಭುಜ ನೋಡಿದ. ಮುಖ ಅರಳಿತು. "ಏ! ಉದ್ದ್ಯಾನ ಮಗನೇನಲೇ ನೀನು!"

ಬೈಯುವ ಧ್ವನಿಯಲ್ಲ ಅದು, ನಿಜವಾದ ಸಂತೋಷದಲ್ಲೇ ಅಂದ. ಆದರೂ ಒಂದು ಮಾತು ಮುಗಿಯುವುದರೊಳಗೆ "ಮೇಷ್ಟ್ರ" ಹೋಗಿ "ಲೇ" ಬಂದಿತ್ತು. ಅಪ್ಪ ಒಳಗೆ ತಿರುಗಿ, "ಚಾ ಹೊರಗಿನ ಗ್ಲಾಸಿನ್ಯಾಗ ಕೊಡ್ರಿ" ಅಂದ. ಅವರು ಕುರ್ಚಿಯಿಂದ ಏಳಲಿ ಅಂತ ಕಾಯುತ್ತಿದ್ದದ್ದೂ ನನಗೆ ಕಾಣುತ್ತಿತ್ತು. ಅವರು ಏಳಲಿಲ್ಲ.

ಅಪ್ಪನ ಹೆಸರು ಹೇಳಿ, ಅದಕ್ಕೆ "ಅವರೇ" ಸೇರಿಸಿ ಮಾತು ಸುರು ಮಾಡಿದರು. ನಮ್ಮ ಪಡಸಾಲೆಯಲ್ಲಿ ಸಾವ್ಕಾರ್ರೆ ಅನ್ನದೆ ಹೆಸರಿನಿಂದ ಅಪ್ಪನನ್ನು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅವರ ಹೆಸರು ಉದ್ದ್ಯಾ ಅಲ್ರಿ" ಅಂತ ತಮ್ಮ ತಂದೆಯ ನಿಜವಾದ ಹೆಸರು ಹೇಳಿದರು. "ನಿಮ್ಮ ಮಿಲ್ಲಿನ್ಯಾಗ ನಿಮ್ಮ ಮನಿ ಸಣ್ಣ ಹುಡುಗ್ರಿಗೂ ಸಾವ್ಕಾರ್ರ ಅನಕೋಂತ ದುಡದ್ರು. ಅವರ ಹೆಸರು ಒಬ್ರೂ ಹಿಡೀಲಿಲ್ಲ. ಅದಕ್ಕ ನನಗ ಹೆಸರು ಹಿಡಿದು ಕರದ್ರ ಭಾಳ ದೊಡ್ಡ ಮರ್ಯಾದಿ ಅನಸ್ತೈತಿ. ಮಕ್ಕಳಿಗೆ ಹಂಗ ಕರೀರಿ ಅಂದಾವ ನಾನ. ನಿಮ್ಮ ಮಗಳು ಒಂದಿನಾನೂ ಕರದಿಲ್ಲ. ಕರಿಯಾಕ ಬಾಯಿ ಬರದಕ್ಕ ನಗಸಾಕ ಚಾಷ್ಟಿ ಮಾಡಿದ್ಲು. ತಪ್ಪಿದ್ರ ನನಗ ಅನ್ರಿ, ಆಕಿ ಓದು ಬಿಡಿಸಬ್ಯಾಡ್ರಿ."

ಒಳಗೆ ಅವ್ವ ಎರಡೂ ತೆಗೆದಿಟ್ಟಿದ್ದಳು: ಹಿತ್ತಲ ಗೂಡಿನಲ್ಲಿರುತ್ತಿದ್ದ ಗ್ಲಾಸು, ಬೀಗರು ಬಂದಾಗ ಮಾತ್ರ ಇಳಿಸುವ ಕಪ್ಪು-ಬಸಿ. ಚಹಾ ಸೋಸಿದ್ದು ಕಪ್ಪಿಗೆ. ನನ್ನ ಮುಖ ನೋಡದೆ ಅದನ್ನು ನನ್ನ ಕಡೆ ಸರಿಸಿದಳು.

ನಾನು ಹೊರಗೆ ಬಂದೆ. ಕಪ್ಪನ್ನು ಅವರ ಮುಂದೆ ಹಿಡಿದೆ. ಮನೆಯ ಮುಂದಿನ ಮಿಲ್ಲಿನ ಅಂಗಳದವರೆಗೆ ಕೇಳುವ ಹಾಗೆ ಹೇಳಿದೆ: "ಸರ್, ಚಾ ತಗೊಳ್ರಿ ಸರ್."

ಅವರು ಕಪ್ಪು ತೆಗೆದುಕೊಂಡು, ರೂಢಿಯ ಪ್ರಕಾರ, "ಸರ್ ಅನಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರಿ ನಿಮಗ" ಅಂದರು.

ಅಪ್ಪ ನನ್ನನ್ನು ನೋಡಿದ, ಕಪ್ಪನ್ನು ನೋಡಿದ, ಅವರನ್ನು ನೋಡಿದ. ಅವರು ನಿಧಾನಕ್ಕೆ ಚಹಾ ಕುಡಿದು, ನಮಸ್ಕಾರ ಹೇಳಿ ಬಸ್ಸಿಗೆ ಹೋದರು. ಮರುದಿನ ಬೆಳಿಗ್ಗೆ ಅಪ್ಪ ನನ್ನ ಟ್ರಂಕನ್ನು ಬಳ್ಳಾರಿ ಬಸ್ಸಿನ ಮೇಲೆ ತಾನೇ ಹಾಕಿಸಿದ.

ಕ್ಲಾಸಿನಲ್ಲಿ ನನ್ನನ್ನು ನೋಡಿ ಅವರು ಅಂದದ್ದು ಇಷ್ಟೇ: "ನಿಮ್ಮ 'ಸರ್' ಒಂದ್ ಸಲ ಕೆಲಸಕ್ಕ ಬಂತು. ಇನ್ನ ಸಾಕು ಬಿಡ್ರಿ." ನಾನು ಕೆಮ್ಮಿದೆ.

ನಾನು ಓದಿದೆ, ತಂಗಿಯರು ಓದಿದರು. ನಾನೂ ಬಳ್ಳಾರಿಯಲ್ಲೇ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಹೆಸರು ಹಿಡಿದು ಕರೆಯಿರಿ ಅಂತ ನನ್ನ ಹುಡುಗಿಯರಿಗೆ ಹೇಳಿ ನೋಡಿದೆ. ಹಾಳಾದವು, ಅವೂ ಕೆಮ್ಮುತ್ತವೆ. ನಮ್ಮ ಮೇಷ್ಟ್ರನ್ನು ಮಾತ್ರ ಆಮೇಲೆ ನಾನು ಕಡೆಯವರೆಗೂ ಸರ್ ಅಂತಲೂ ಅನ್ನಲಿಲ್ಲ, ಹೆಸರೂ ಹಿಡಿಯಲಿಲ್ಲ. ಕೌಲ್ ಬಜಾರಿನ ಅವರ ಬಾಡಿಗೆ ಮನೆಗೆ ಹೋದಾಗೆಲ್ಲ ಬಾಗಿಲ ಚಿಲಕ ಬಡಿದು "ರೀ" ಅನ್ನುತ್ತಿದ್ದೆ. ಒಳಗಿನಿಂದ, "ಯಾರ್ನ ಕರ್ಯಾಕತ್ತೀರಿ? ಹೆಸರು ಹೇಳ್ರಿ" ಅಂತ ನಗುತ್ತಲೇ ಬಂದು ಬಾಗಿಲು ತೆಗೆಯುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ, ಇನ್ನೂ ರಿಟೈರ್ ಆಗುವ ವಯಸ್ಸಲ್ಲ, ಎದೆನೋವಿನಿಂದ ತೀರಿಕೊಂಡರು. ಮಣ್ಣು ಮಾಡಿದ್ದು ಕುರುಗೋಡಿನಲ್ಲಿ. ಅಪ್ಪ ಸಿರುಗುಪ್ಪದಿಂದ ತಾನಾಗಿ ಬಂದು ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದ. ಕೈಯಲ್ಲಿ ಕೋಲು, ಹೂವಿನ ಹಾರ. ಚಹಾದಂಗಡಿಯವನನ್ನು ದಾರಿ ಕೇಳಿದ. ಉದ್ದ್ಯಾ ಅನ್ನಲಿಲ್ಲ. ಅವತ್ತು ಒಂದೇ ಸಲ ಕೇಳಿದ್ದ ಆ ತಂದೆಯ ಹೆಸರನ್ನು ಪೂರಾ ಹೇಳಿ, "ಅವರ ಮಗ, ಕಾಲೇಜ್ ಮೇಷ್ಟ್ರು, ತೀರಿಕೊಂಡಾರಲ್ರಿ, ಮನಿ ಯಾವ ಕಡಿ?" ಅಂದ. ನಾನು ಅಪ್ಪನ ಕೈ ಹಿಡಿದುಕೊಂಡು ನಡೆದೆ.

ಕುಣಿಯ ಹತ್ತಿರ ಕಾಲೇಜಿನವರು, ಊರವರು, ಹಮಾಲರು, ಎಲ್ಲ ಸೇರಿದ್ದರು. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ನನ್ನ ಸರತಿ ಬಂತು. ಇವತ್ತು ಕೆಮ್ಮಿದರೆ ಆಗುವುದಿಲ್ಲ ಅನ್ನಿಸಿತು. ಮಣ್ಣು ಹಾಕಿ, ಅವರ ಹೆಸರು ಹಿಡಿದು ಗಟ್ಟಿಯಾಗಿ ಕರೆದೆ. ಬರೀ ಹೆಸರು.

ಗುಂಪಿನ ಹಿಂದೆ ಅದೇ ಹೆಸರಿನ ಯಾರೋ ಒಬ್ಬ ಮುದುಕ ಇದ್ದ. ತನ್ನನ್ನೇ ಕರೆದರು ಅಂದುಕೊಂಡು "ಓ" ಅಂದ.