ಮಂಗಳವಿಲ್ಲದ ಸಂಗೀತ

ಅತ್ತೆಗೆ ನಿದ್ದೆ ಬರಲಿ ಎಂದು ಆ ಸಂಗೀತವನ್ನು ತಂದವಳು ನನ್ನ ನಾದಿನಿ. ಮೂಳೆಗೆ ಇಳಿದ ಕ್ಯಾನ್ಸರಿಗೆ ಇನ್ನು ಮಾಡುವಂಥದ್ದೇನಿಲ್ಲ, ನೋವಿಗೆ ಮಾತ್ರೆ ಕೊಡಿ, ಆದಷ್ಟು ನಿದ್ದೆ ಮಾಡಲಿ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಮಾತ್ರೆಗೆ ನೋವು ಸ್ವಲ್ಪ ತಗ್ಗುತ್ತಿತ್ತು, ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ನಾದಿನಿ ಕುಣಿಗಲಿನಿಂದ ಬಂದವಳು ತನ್ನ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿ, ತುಮಕೂರಿನ ನಮ್ಮ ಮನೆಯ ಹಾಲಿನಲ್ಲಿ ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಒತ್ತಿದರೆ ತಂಬೂರಿಯಂಥ ಒಂದು ನಾದ, ಅದರ ಮೇಲೆ ತೆಳುವಾಗಿ ಕೊಳಲು.

"ಯಾರೇ ಇದನ್ನ ನುಡಿಸ್ತಿರೋದು?" ಎಂದರು ಅತ್ತೆ.

"ಯಾರೂ ಇಲ್ಲ ಕಣವ್ವ. ಕಂಪ್ಯೂಟರೇ ಹಂಗಂಗೇ ಕಟ್ಕೊಂಡು ಹೋಗುತ್ತೆ."

"ಸದ್ಯ, ಕಾಫಿ ಕೊಡೋ ಕೆಲ್ಸ ಇಲ್ಲ ಬುಡು," ಎಂದು ಅತ್ತೆ ನನ್ನ ಕಡೆ ನೋಡಿ ನಕ್ಕರು. ಆಗಿನ್ನೂ ಅವರಿಗೆ ನಗುವಷ್ಟು ಶಕ್ತಿಯಿತ್ತು.

ದಿನಾ ಊಟವಾದ ಮೇಲೆ ನಾನು ಅದನ್ನು ಹಾಕುತ್ತಿದ್ದೆ. ಶುರುವಾದ ಕೂಡಲೇ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚುತ್ತಿದ್ದರು. ಚಳಿಯೇನೋ ಎಂದು ನಾನು ಫ್ಯಾನ್ ಆರಿಸುತ್ತಿದ್ದೆ. ವಿಡಿಯೊ ಕಾಲಿನಲ್ಲಿ ನೋಡಿದ ನಾದಿನಿ, "ಎಷ್ಟ್ ನೆಮ್ಮದಿಯಾಗಿ ಮಲಗವ್ಳೆ ನೋಡಿ ಅತ್ತಿಗೆ," ಎಂದು ಕಣ್ಣೊರೆಸಿಕೊಂಡಳು. ನಾನೂ ಹಾಗೇ ಅಂದುಕೊಂಡೆ. ಆದರೆ ಅತ್ತೆಯ ಕಣ್ಣು ದಿನದಿನಕ್ಕೆ ಒಳಗೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ಕೊಳಲು ಅರ್ಧಕ್ಕೇ ನಿಂತಿತು. ಅತ್ತೆ ಥಟ್ಟನೆ ಕಣ್ಣು ಬಿಟ್ಟರು. ಆ ಕಣ್ಣಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

"ಯಾಕೆ ನಿಂತೋಯ್ತು? ಮಂಗಳ ಹೇಳ್ಲೇ ಇಲ್ವಲ್ಲೇ!"

"ಅದಕ್ಕೆ ಮಂಗಳ ಇಲ್ಲ ಅತ್ತೆ. ಅದು ಮುಗಿಯೋದೇ ಇಲ್ಲ, ನಾವೇ ನಿಲ್ಲಿಸ್ಬೇಕು."

"ಮುಗಿಯೋದೇ ಇಲ್ವಾ?" ನನ್ನ ಕಡೆ ತಿರುಗಿದರು. "ಅಯ್ಯೋ, ನಾನು ದಿನಾ ಕಾಯ್ತಿದ್ನಲ್ಲೇ ಮಗಾ. ನಡುವೆ ನಿದ್ದೆ ಮಾಡ್ಬಾರ್ದು ಅಂತ ರೆಪ್ಪೆ ಒಳಗೇ ಕಣ್ಣು ಬಿಟ್ಕೊಂಡಿದ್ದೆ."

ಗುಬ್ಬಿಯಲ್ಲಿದ್ದಾಗ ಪ್ರತಿ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಶಿವಭಜನೆ ಆಗುತ್ತಿತ್ತು. ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಿದ್ದರು. ಕೊನೆಗೆ ಅತ್ತೆ ಮಂಗಳ ಹೇಳಿ, ಆರತಿಯಾಗುವ ತನಕ ಯಾರೂ ಏಳುವಂತಿರಲಿಲ್ಲ. ಮಕ್ಕಳು ತೂಕಡಿಸಿದರೂ ಅತ್ತೆ ಮೆತ್ತಗೆ ತೊಡೆ ಚಿವುಟುತ್ತಿದ್ದರು. ಆ ಸೆರಗನ್ನು ನಾನು ಎಷ್ಟು ಸಲ ನೋಡಿದ್ದೆ. ಆದರೂ ನನಗೆ ಹೊಳೆದಿದ್ದು ಚಳಿ ಎಂದಷ್ಟೇ.

"ಹೇಳ್ಬಾರ್ದಿತ್ತಾ ಅತ್ತೆ?"

"ಅವ್ಳು ಅಷ್ಟ್ ಆಸೆಯಿಂದ ಹಾಕ್ಕೊಟ್ಟವ್ಳೆ. ಹೆಂಗೆ ಬೇಡ ಅನ್ನದು? ಕೇಳಕ್ಕೇನೋ ಚೆನ್ನಾಗೇ ಅದೆ. ನೀನೇ ಒಂದು ಮಂಗಳ ಹೇಳ್ಬುಡು, ನಾನು ಮಲಿಕ್ಕತೀನಿ."

ಕಾನ್ವೆಂಟಿನಲ್ಲಿ ಓದಿದವಳು ನಾನು. ನನಗೆ ಬರುತ್ತಿದ್ದುದು ಸಿಸ್ಟರು ಪಿಯಾನೊ ಮುಂದೆ ನಿಲ್ಲಿಸಿ ಕಲಿಸಿದ ಪ್ರಾರ್ಥನೆಗಳು. ಭಜನೆಯಲ್ಲಿ ಆರತಿ ತಟ್ಟೆ ಹಿಡಿಯುವುದಷ್ಟೇ ನನ್ನ ಪಾಲು. ಅತ್ತೆ ಒಂದೊಂದೇ ಸಾಲು ಹೇಳಿಕೊಟ್ಟರು, ನಡುನಡುವೆ ಉಸಿರು ಎಳೆದುಕೊಂಡು. ನಾನು ಹಾಡಿದೆ.

"ಚರ್ಚಲ್ಲಿ ಹಾಡ್ದಂಗೆ ಹಾಡ್ತೀಯಲ್ಲೇ," ಎಂದರು. "ಇರ್ಲಿ. ಶಿವನಿಗೆ ಎಲ್ಲಾ ಗೊತ್ತಾಗುತ್ತೆ."

ಹೇಳುತ್ತಲೇ ಸೆರಗನ್ನು ಭುಜಕ್ಕೆ ಜಾರಿಸಿ, ಗೋಡೆ ಕಡೆ ತಿರುಗಿದರು. ಬಾಯಿ ತುಸು ತೆರೆದುಕೊಂಡಿತು. ಎಷ್ಟೋ ದಿನಗಳ ಮೇಲೆ ಅವರ ಗೊರಕೆ ಕೇಳಿದೆ.

ಆಮೇಲೆ ಅದೇ ನಮ್ಮ ರೂಢಿಯಾಯಿತು. ಸ್ವಲ್ಪ ಹೊತ್ತು ಕಂಪ್ಯೂಟರಿನ ಕೊಳಲು, ಬಳಿಕ ಸದ್ದು ಇಳಿಸಿ ನನ್ನ ಮಂಗಳ, ಸೆರಗು ಭುಜಕ್ಕೆ, ನಿದ್ದೆ. ಸಂಜೆ ನನ್ನ ಯಜಮಾನರು ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಿಂದ ಬಂದರೆ ಬಾಗಿಲಲ್ಲೇ ಸನ್ನೆ ಮಾಡಿ ಕೇಳುತ್ತಿದ್ದರು, ಅವ್ವ ಮಲಗಿದಳಾ ಎಂದು. ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ.

ಆ ದಿನವೂ ಕೊಳಲು ಹಾಕಿ ಕೂತಿದ್ದೆ. ಬೆಲ್ ಆಯಿತು. ನಾದಿನಿ, ಹೇಳದೆ ಕೇಳದೆ ಬಂದಿದ್ದಳು. ಬಸ್ಸಿನಲ್ಲಿ ನಿಂತೇ ಬಂದೆ ಎಂದಳು. ನೀರು ಕೊಟ್ಟೆ, ಹಾಲು ಕಾಯಿಸಲು ಇಟ್ಟೆ. ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಅವ್ವನ ಸಮಾಚಾರ ಕೇಳಿದಳು, ಹೇಳಿದೆ. ಹಾಲು ಉಕ್ಕುವ ತನಕ ಅಲ್ಲೇ ನಿಂತಿದ್ದೆವು. ಅತ್ತೆಯ ಮಂಚದ ಕಡೆಯಿಂದ ಸಂಗೀತ ಕೇಳುತ್ತಲೇ ಇತ್ತು.

ಹೊರಗೆ ಬಂದರೆ ಅತ್ತೆಯ ಕೈ ಎದೆಯ ಮೇಲೆ ಜೋಡಿಸಿದಂತೆಯೇ ಇತ್ತು. ಎದೆ ಮಾತ್ರ ಏರಿಳಿಯುತ್ತಿರಲಿಲ್ಲ. ಸೆರಗು ತಲೆಯ ಮೇಲೆಯೇ ಇತ್ತು.

ನಾದಿನಿ ಅವ್ವಾ ಎಂದು ಮಂಚದ ಮೇಲೆ ಕುಸಿದಳು. ಬಹಳ ಹೊತ್ತು ಅತ್ತ ಮೇಲೆ, ಇನ್ನೂ ನುಡಿಯುತ್ತಲೇ ಇದ್ದ ಫೋನಿನ ಕಡೆ ಕೈ ಚಾಚಿದಳು.

"ತಾಳಮ್ಮ," ಎಂದೆ.

ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಸದ್ದು ಇಳಿಸಿ, ಬಂದ ಹಾಗೆ ಮಂಗಳ ಹೇಳಿದೆ. ಎರಡನೆಯ ಸಾಲು ತಪ್ಪಿತು, ಮತ್ತೆ ಮೊದಲಿನಿಂದ ಹೇಳಿದೆ. ಮುಗಿದ ಮೇಲೆ ಅತ್ತೆಯ ಸೆರಗನ್ನು ನಾನೇ ಭುಜಕ್ಕೆ ಇಳಿಸಿ, ಫೋನ್ ಆರಿಸಿದೆ.