ರಾಚಪ್ಪ ಹೇಳಿದ ಉರ್ದು ಸಿನಿಮಾ

ರಾಚಪ್ಪಜ್ಜನ ಮೇಲೆ ಭಾಗ್ಯಜ್ಯೋತಿಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು, ತೊಂಬತ್ತಾರರಲ್ಲಿ ಗಂಡನ ನೌಕರಿಗೆಂದು ಸಿಂದಗಿಗೆ ಬಂದಿದ್ದಳು. ಎದುರು ಮನೆಯ ಕಟ್ಟೆಯಲ್ಲಿ ಎಪ್ಪತ್ತು ದಾಟಿದ ಮುದುಕ ಕೂತು ಓಣಿಯ ಮಕ್ಕಳನ್ನು ಸೇರಿಸಿಕೊಂಡು ಪಿಸುಗುಟ್ಟುವುದೇನು? ಮನೆಯಲ್ಲಿ ಟಿವಿ ಇದ್ದರೂ ಐದು ವರ್ಷದ ಪ್ರಿಯದರ್ಶಿನಿ ಅಲ್ಲಿಗೇ ಓಡುವುದೇನು? ಒಂದು ದಿನ ಸೀದಾ ಹೋಗಿ ಮಗಳ ರಟ್ಟೆ ಹಿಡಿದು ಎಳೆದು ತಂದಳು.

ಅಂದಿನಿಂದ ಮಗು ಹಾಲು ಮುಟ್ಟಲಿಲ್ಲ. ಜ್ವರದಿಂದೆದ್ದ ಕೂಸು, ಅನ್ನ ಸೇರದು, ಹಾಲೊಂದೇ ಆಧಾರ. ಲೋಟ ಕಂಡರೆ ಬಾಯಿ ಬಿಗಿದು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಮುದುಕ ಏನೋ ತಿನ್ನಿಸಿರಬೇಕು. ಇಲ್ಲ, ದೃಷ್ಟಿಯೋ? ಓದಿದವಳಾದರೂ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರಿಂದಲೂ ಏನೂ ಆಗದಿದ್ದಾಗ ಎದುರು ಮನೆಗೇ ನಡೆದಳು.

“ಅಜ್ಜಾರ, ನನ್ನ ಮಗಳಿಗೆ ಏನ್ ಕೊಟ್ಟೀರಿ?”

“ಕೊಡೂದೇನೈತಿ ತಂಗಿ? ಸಿನಿಮಾ ಹೇಳಾಕತ್ತಿದ್ದೆ. ಅರ್ಧಕ್ಕ ನೀ ಎಳಕೊಂಡ ಹೋದಿ.”

ಸಿನಿಮಾ ಹೇಳುವುದೇ? ಅವಳ ಅನುಮಾನ ಇನ್ನೊಂದು ಗೇಣು ಬೆಳೆಯಿತು. ಪಕ್ಕದ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹಜರಾಬಿ, ರಾಚಪ್ಪನ ವಾರಿಗೆಯವಳು, ನಕ್ಕಳು.

“ನಾವು ಹರೇದಾಗ ದೇವರ ಹಿಪ್ಪರಗಿಗೆ ತಂಬೂ ಸಿನಿಮಾ ಬರ್ತಿತ್ತವಾ. ಮಾತೆಲ್ಲ ಉರ್ದು. ಮಂದಿಗೆ ತಿಳೀಬೇಕಲ್ಲ? ಈ ರಾಚ್ಯಾ ಪರದೆ ಬದಿಗೆ ನಿಂತು ಕನ್ನಡದಾಗ ಒದರತಿದ್ದ. ತಿಳಿದದ್ದು ಸಿನಿಮಾದ್ದು, ತಿಳೀಲಾರದ್ದು ಇವ ಕಟ್ಟಿದ್ದು!”

“ಉರ್ದು ಬರ್ತೈತೆಂತ ಸೊಕ್ಕ ನೋಡ ಇಕಿಗೆ,” ಎಂದ ರಾಚಪ್ಪ.

“ಸುಳ್ಳೇನ? ಒಂದು ಸಿನಿಮಾದಾಗ ಮಲತಾಯಿ ರಾಜನ ಮಗಗ ಹಾಲಾಗ ವಿಷ ಕೊಡ್ತಾಳ. ಖರೇ ಸಿನಿಮಾದಾಗ ಹುಡುಗ ಸತ್ತ, ಚಟ್ಟ ಎತ್ತಿದ್ರು, ಮುಗೀತು. ಪರದೆ ಕಪ್ಪಾದ ಮ್ಯಾಲೂ ಇವ ಬಾಯಿ ಮುಚ್ಚಲಿಲ್ಲ. ‘ಹುಡುಗ ಎದ್ದ ಕುಂತಾನ್ರೆಪಾ, ಅಳಬ್ಯಾಡ್ರಿ’ ಅಂದ. ಮಂದಿ ನಂಬಿತು. ನಾಟಕ ಕಂಪನಿಯವ್ರು ಹಂಗ ಆಡಿದ್ರು. ಮುಂದ ಅದ ಕತಿ ಕನ್ನಡ ಸಿನಿಮಾ ಆತು. ಅದರಾಗೂ ಹುಡುಗ ಚಟ್ಟದ ಮ್ಯಾಲೆ ಎದ್ದ ಕುಂತ! ಕನ್ನಡ ಮಾತು ಬಂದಮ್ಯಾಲೆ ಇವನ್ನ ಕೇಳಾವ್ರ್ಯಾರು? ಅಡತಿ ಅಂಗಡ್ಯಾಗ ಚೀಲ ಹೊತ್ತ.”

ಇದೂ ಕಟ್ಟುಕತೆಯೇ ಇರಬೇಕು. ಆದರೂ ಏನೋ ಚುಚ್ಚಿದಂತಾಗಿ ಭಾಗ್ಯಜ್ಯೋತಿ ಕೇಳಿದಳು: “ನಾ ಎಳಕೊಂಡ ಹೋದಾಗ ಕತಿ ಎಲ್ಲಿಗೆ ಬಂದಿತ್ರಿ?”

“ಹುಡುಗ ಹಾಲಿನ ಬಟ್ಟಲಾ ತುಟಿಗೆ ಹಚ್ಚಿದ್ದ.”

ಅವಳು ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡು ಬಂದಳು. ಕಟ್ಟೆಯ ಮೇಲೆ ಮುದುಕನಿಗೂ ಮಗುವಿಗೂ ನಡುವೆ ತಾನೇ ಕೂತಳು.

“ಹೇಳ್ರಿ. ಬದುಕಿಸ್ರಿ ಅವನ್ನ.”

ಹಜರಾಬಿ ಬಾಯಿ ತೆರೆದಳು. “ನೀವು ಸುಮ್ಮನಿರ್ರಿ ಚಾಚಿ!” ಎಂದು ಭಾಗ್ಯಜ್ಯೋತಿ ತಡೆದಳು.

ರಾಚಪ್ಪ ಎದ್ದು ನಿಂತ. ಎದುರಿನ ಸುಣ್ಣದ ಗೋಡೆಯತ್ತ ಕೋಲು ಚಾಚಿ, ಓಣಿಯೆಲ್ಲ ಕೇಳುವಂತೆ ಒದರುತ್ತ ಹುಡುಗನನ್ನು ಚಟ್ಟದ ಮೇಲೆ ಎಬ್ಬಿಸಿ ಕೂರಿಸಿದ.

ಸಂಜೆ ಪ್ರಿಯದರ್ಶಿನಿ ಲೋಟ ಮೂಸಿ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು, ಬಹಳ ಹೊತ್ತು.

“ಮೊದಲ ನೀ ಕುಡಿ, ಮಮ್ಮಿ.”

ಭಾಗ್ಯಜ್ಯೋತಿ ಒಂದು ಗುಟುಕು ಕುಡಿದಳು. ಮಗು ಇನ್ನಷ್ಟು ಹೊತ್ತು ಕಾದು, ತಾಯಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಲೋಟಕ್ಕೆ ಕೈ ಚಾಚಿತು.